ಉಡಿಯ ಗಂಟಿನಲ್ಲಿ ಸೀಳಿದ ಉತ್ತತ್ತಿ

ಉತ್ತತ್ತಿ ಬೆರ್ರಿ, ಬಾರಿಹಣ್ಣು ಡ್ರೂಪ್ ಎಂದು ನಮ್ಮ ಸಸ್ಯಶಾಸ್ತ್ರದ ಮಾಸ್ತರರು ಹೇಳಿದಾಗ ನಾನು ನಂಬಲಿಲ್ಲ. ಎರಡರೊಳಗೂ ಹಲ್ಲು ಮುರಿಯುವಂಥದ್ದು ಇದೆಯಲ್ಲ? ಅದು ರಾಜ್ಯ ಒಂದಾದ ವರ್ಷ. ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಇನ್ನೊಂದರದ್ದು ಎಂದು ಬಾಯಿಪಾಠ ಮಾಡಿಸಿದ್ದವರೇ ಈಗ ಅದನ್ನೆಲ್ಲ ಮರೆಯಿರಿ ಎನ್ನುತ್ತಿದ್ದರು. ವಿಂಗಡಿಸುವವರ ಮೇಲೆ ನನಗೆ ಗುಮಾನಿ ಹುಟ್ಟಿದ್ದು ಆಗಲೇ ಇರಬೇಕು. ಅಥವಾ ಈಗ, ಬರೆಯುತ್ತ.

"ಖರೆ ಅನಸ್ಲಿಲ್ಲಂದ್ರ ಒಡದ ನೋಡವಾ," ಎಂದರು ಮಾಸ್ತರರು. "ಡ್ರೂಪಿನ ಓಟೆ ಅಂದ್ರ ಹಣ್ಣಿಂದ ಒಳಗಿನ ಗ್ವಾಡಿ. ಅದನ್ನ ಒಡದ್ರ ಒಳಗ ಬೀಜ ಬ್ಯಾರೆ ಸಿಗತೈತಿ. ಉತ್ತತ್ತ್ಯಾಗ ಗಟ್ಟಿ ಇರೋದು ಬೀಜನ, ಅದಕ್ಕ ಅದು ಬೆರ್ರಿ."

ಬೆಟಗೇರಿಯ ಮನೆಗೆ ಬಂದು ಅವ್ವನಿಗೆ ಒಂದು ಉತ್ತತ್ತಿ ಕೇಳಿದೆ.

"ಡಬ್ಬಿ ಖಾಲಿ ಐತಿ," ಅಂದಳು.

ಉಳಿದದ್ದು ದೇವರ ಜಗಲಿಯ ಮೇಲಿನ ಗಂಟು. ಮುಂಡರಗಿಯ ಗಂಡಿನವರು ನನ್ನನ್ನು ಒಪ್ಪಿ, ಉಡಿ ತುಂಬುವ ಸಾಮಾನನ್ನು ಮುಂಚೆಯೇ ಕಳಿಸಿದ್ದರು. ಅವರು ಬಂದು ನನ್ನ ಸೆರಗಿಗೆ ಆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದರೆ ಮದುವೆ ನಿಶ್ಚಯ, ಕಾಲೇಜು ಮುಗಿದಂತೆ. ಅಪ್ಪನ ಮುಂದೆ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಗಂಟು ಬಿಚ್ಚುವಷ್ಟು ಮಾತ್ರ ಇತ್ತು.

ಒಳಕಲ್ಲಿನ ಮೇಲೆ ಬಾರಿಹಣ್ಣಿನ ಓಟೆ ಒಡೆದೆ. ಒಳಗೆ ತೆಳ್ಳಗಿನ ಬೀಜವಿತ್ತು. ಉತ್ತತ್ತಿಯನ್ನು ಸೀಳಿ, ಒಳಗಿನದನ್ನು ಕುಟ್ಟಿದೆ. ಜಾರಿತು, ಸಿಡಿಯಿತು, ಕಡೆಗೆ ಎರಡಾಯಿತು. ಒಳಗೆಲ್ಲ ಬಿಳಿಚಿಕೊಂಡ ಗಟ್ಟಿ ತಿರುಳು, ಬೇರೇನೂ ಇಲ್ಲ. ಮಾಸ್ತರರು ಹೇಳಿದ್ದೇ ನಿಜವೆಂದು ಸಿಟ್ಟು ಬಂತು.

"ಉಡಿ ಉತ್ತತ್ತಿ ಒಡದೇನ ಲೇ, ಹುಚ್ಚಿ?" ಬಾಗಿಲಲ್ಲಿ ಅವ್ವ. ಬೈಯಲಿಲ್ಲ. ಸೀಳಿದ್ದನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು.

ಮರುದಿನ ಗಂಡಿನವರು ಬಂದರು; ಗಂಡಿನ ಸೋದರತ್ತೆ ಗಂಟು ಬಿಚ್ಚಿದಳು. ಎಲ್ಲಕ್ಕಿಂತ ಮೇಲೆ ಅದೇ ಇತ್ತು.

"ಇದೇನ್ರಿ ಇದು, ಹೊಟ್ಟಿ ಸೀಳೈತಿ?"

"ನಮ್ಮ ಹುಡುಗಿ ಒಡದಾಳ್ರಿ," ಅಂದಳು ಅವ್ವ, ತಗ್ಗಿದ ದನಿಯಲ್ಲಿ. "ಅದೇನೋ ಬೆರ್ರಿ ಅಂತ, ನೋಡಾಕ."

"ಉಡಿ ತುಂಬೂಕಿಂತ ಮೊದ್ಲ ಉಡಿ ಬಗದಾಕಿ! ನಾಳೆ ನಮ್ಮ ಮನ್ಯಾಗ ಏನೇನ್ ಒಡದ ನೋಡತಾಳೋ ಯಾರ್ ಬಲ್ಲರು. ಏಳ್ರಿ, ಅಪಶಕುನ ಇದು."

ಚಹಾ ಕುಡಿಯದೆ ಎದ್ದರು. ಅಪ್ಪ ಕೈಮುಗಿಯುತ್ತ ಬೀದಿಯ ತನಕ ಅವರ ಹಿಂದೆ ಹೋದ. ನಾನು ಕಾಲೇಜಿಗೆ ಹೋಗುತ್ತಲೇ ಇದ್ದೆ.

ಅವರು ಹೋದ ಸಂಜೆ ಅವ್ವ ನನಗೆ ಹಾಲಿನಲ್ಲಿ ನೆನೆಸಿದ ಉತ್ತತ್ತಿ ಕೊಟ್ಟಳು. ಖಾಲಿ ಎಂದಿದ್ದ ಆ ಡಬ್ಬಿಯಿಂದಲೇ ತೆಗೆದದ್ದು ಎಂದು ನೆನಪು. ಈ ನೆನಪು ಉಳಿದದ್ದಕ್ಕೆಲ್ಲ ಎಷ್ಟು ಸಲೀಸಾಗಿ ಹೊಂದುತ್ತದೆಂದರೆ, ನಾನೇ ತಂದು ಸೇರಿಸಿದ್ದೇನೋ ಎಂಬ ಅನುಮಾನ. ವರ್ಷಗಳ ಮೇಲೆ ಅವ್ವನನ್ನೇ ಕೇಳಿದೆ.

"ಡಬ್ಬ್ಯಾಗ ಏನಿತ್ತೋ, ಯಾರಿಗ್ ನೆನಪೈತಿ," ಅಂದಳು. ನಾನು ಕೇಳಿ ಮುಗಿಸುವ ಮೊದಲೇ.