ದೊಡ್ಡಿಯ ಪಕ್ಕದ ನೆಲ

ಲೊಕ್ಕನಹಳ್ಳಿ ಅಂಚಿನ ಕಾಡನ್ನು ಡ್ರೋನ್ ಹಾರಿಸಿ ಲೇಸರ್‌ನಲ್ಲಿ ಅಳೆಯುತ್ತಿದ್ದಾಗ ಪತ್ರಿಕೆಯ ವರದಿಗೆ ಹೋಗಿದ್ದೆ. ಅಜ್ಜನೊಬ್ಬರು ಬೆಳಿಗ್ಗೆಯಿಂದ ಒಬ್ಬರೇ ಕಾದು ಕೂತಿದ್ದರು. ಹಿಂದೆ ಅವರೂ ಹೆಂಡತಿಯೂ ಕಾಡಿನೊಳಗೆ ದೊಡ್ಡಿ ಕಟ್ಟಿಕೊಂಡು ದನ ಮೇಯಿಸುತ್ತಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದರು. ಈಗ ಅಲ್ಲೆಲ್ಲ ಲಾಂಟಾನ ಪೊದೆ ಹಬ್ಬಿ ಕಾಲಿಡಲು ಆಗದು. ಇಬ್ಬರೂ ಬಾಳಿದ ಗುಡಿಸಲಿನ ಜಾಗವನ್ನು ಒಮ್ಮೆ ನೋಡಬೇಕೆಂಬುದು ಅವರ ಆಸೆ.

"ಪೊದೆ ಒಳಗ್ಲುದೂ ಕಾಣ್ತದಾ ಸಾ?" ಎಂದು ಕೇಳಿದರು.

ಸರ್ವೆಯ ಇಂಜಿನಿಯರ್ ವಿವರಿಸಿದರು. ಲೇಸರ್ ಬೆಳಕು ತಾಗಿ ಮರಳಲು ಹಿಡಿಯುವ ಸಮಯದಿಂದ ದೂರ ತಿಳಿಯುತ್ತದೆ. ಹೆಚ್ಚಿನ ಬೆಳಕು ಎಲೆಗೆ ತಾಗಿ ಹಿಂದಿರುಗಿದರೂ ಒಂದಿಷ್ಟು ಸಂದಿಗಳಲ್ಲಿ ಇಳಿದು ನೆಲ ಮುಟ್ಟಿ ಬರುತ್ತದೆ. ಎಲೆಯ ಅಳತೆಗಳನ್ನು ಅಳಿಸಿದರೆ ಬರೀ ನೆಲ ಉಳಿಯುತ್ತದೆ.

ವಾರದ ಬಳಿಕ ಲ್ಯಾಪ್‌ಟಾಪಿನಲ್ಲಿ ಆ ನೆಲ ಕಂಡಿತು. ನಡುವೆ ಚೌಕದ ಗೋಡೆಯೊಂದಿತ್ತು.

"ಇದೇ ದೊಡ್ಡಿ ಕಣ್ರಿ! ಚಿರತೆಗೆ ಎದ್ರಕಂಡು ನಾನೇ ಕಲ್ಲು ಜೋಡ್ಸಿದ್ದು." ಅಜ್ಜ ಗೋಡೆಯ ಪಕ್ಕ ಬೆರಳಿಟ್ಟರು. "ಗುಡ್ಲು ಎಲ್ಲಿ?"

ಅಲ್ಲಿ ನೆಲ ಮಟ್ಟಸವಾಗಿತ್ತು.

"ದನಕ್ಕೆ ಕಲ್ಲು, ನಮ್ ಗುಡ್ಲಿಗೆ ಬಿದ್ರು, ಉಲ್ಲು. ನಮ್ಮೋಳು ಆವತ್ತೇ ಬೈದಿದ್ಲು" ಎಂದು ನಕ್ಕರು. ಆಮೇಲೆ, "ಗುಡ್ಲೂ ಇತ್ತು ಅಂತ ಬರ್ಕಳಿ ಸಾ" ಎಂದರು.

ಯಂತ್ರಕ್ಕೆ ಕಾಣದ್ದನ್ನು ಇತ್ತು ಎಂದು ನಾನು ಬರೆಯುವಂತಿರಲಿಲ್ಲ. ಇತ್ತೆಂದು ಅವರು ಹೇಳಿದರು ಎಂದು ಬರೆದೆ. ಪುಟದಲ್ಲಿ ಜಾಗ ಸಾಲದೆ ಆ ಸಾಲನ್ನು ಪತ್ರಿಕಾ ಕಚೇರಿಯ ಡೆಸ್ಕ್‌ನಲ್ಲಿ ತೆಗೆದರು.

ಪತ್ರಿಕೆ ಕೊಡಲು ಹೋದಾಗ ಓದಲು ಬಾರದ ಅಜ್ಜ ಅಕ್ಷರಗಳ ಮೇಲೆ ಕೈಯಾಡಿಸಿದರು.

"ಗುಡ್ಲು ಇಚಾರ ಇಲ್ಲೇ ಐತಾ?"

ಹೌದು ಎಂದೆ.