ನಡುಗೋಡೆಯಾಚೆಯ ನಿದ್ದೆ, ನಾನು ಆರಿಸಿದ ಟೈಲ್ಸ್ ಕಟರ್

೨೦೧೧ನೆಯ ಇಸವಿ, ನನಗಾಗ ನಲವತ್ತೇಳು ವರ್ಷ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸುವುದನ್ನು ಬಿಟ್ಟು, ದಾಸರಹಳ್ಳಿಯ ಮನೆಯಲ್ಲಿ ಕುಳಿತು ಪಠ್ಯಪುಸ್ತಕಗಳ ಕರಡು ತಿದ್ದುತ್ತಿದ್ದೆ. ಒಂದೇ ನಡುಗೋಡೆಗೆ ಅಂಟಿಕೊಂಡ ಎರಡು ಮನೆಗಳಲ್ಲಿ ಒಂದು ನನ್ನದು. ಇನ್ನೊಂದರಲ್ಲಿದ್ದವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕುಲುಮೆ ನೋಡಿಕೊಳ್ಳುವವನು. ಸದಾ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ನೀರಿನ ಸಂಪಿನ ಜಗಳದಿಂದಾಗಿ ನಾವು ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಹಜಾರದ ಬಿರುಕುಬಿಟ್ಟ ನೆಲಕ್ಕೂ ಬಚ್ಚಲಿನ ಗೋಡೆಗೂ ಟೈಲ್ಸ್ ಹಾಕಿಸಲು ತೀರ್ಮಾನಿಸಿದೆವು. ಬಣ್ಣ ಆರಿಸಿಕೊಟ್ಟ ಹೆಂಡತಿ, “ಬಚ್ಚಲು ಮುಗಿದ ದಿನ ಫೋನ್ ಮಾಡಿ, ಬರ್ತೀನಿ. ಈ ಧೂಳಲ್ಲಿ ನಾನಿರಲ್ಲ” ಎಂದು ಜಾಲಹಳ್ಳಿಯ ಅಕ್ಕನ ಮನೆಗೆ ಹೊರಟುಹೋದಳು. ಹೊಸ ನೆಲವನ್ನು ಮೊದಲು ಬಳಸುವವಳು ಅವಳೇ ಆಗಬೇಕೆಂಬುದು ನನ್ನ ಹಟವಾಗಿತ್ತು.

ಟೈಲ್ಸ್ ಹಾಕಲು ಬಂದವನು ಕಲಬುರಗಿ ಕಡೆಯ ಮೇಸ್ತ್ರಿ. ಮೊದಲ ದಿನ ಅವನ ಕರೆಂಟ್ ಕಟರ್ ಒಂದು ಟೈಲಿನ ಮೇಲೆ ಕಿರುಚಿ ಮುಗಿಸುವಷ್ಟರಲ್ಲಿ ನೆರೆಯವನು ಲುಂಗಿಯಲ್ಲೇ ಬಂದು ಗೇಟಿನೆದುರು ನಿಂತ.

“ಏನ್ ಮೇಷ್ಟ್ರೇ, ಸಾಯಿಸ್ಬೇಕು ಅಂತಾನೇ ತೀರ್ಮಾನ ಮಾಡಿದ್ದೀರಾ? ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತು ಬಂದಿದ್ದೀನಿ ಕಣ್ರೀ.”

“ಹಗಲಿನಲ್ಲಿ ನನ್ನ ಮನೆಯ ಕೆಲಸ ಮಾಡಿಸಲು ನಿಮ್ಮ ಅಪ್ಪಣೆ ಬೇಕಿಲ್ಲ.”

“ಬೇಡ ಬಿಡಿ. ಮಾಡಿಸ್ಕೊಳ್ಳಿ, ಕರೆಂಟ್ ಇದ್ರೆ.”

ಎರಡೂ ಮನೆಗಳ ಮೀಟರ್ ಬೋರ್ಡ್ ಅವನ ಕಡೆಯ ಗೋಡೆಯಲ್ಲಿತ್ತು. ನನ್ನ ಮನೆಯ ಫ್ಯೂಸನ್ನು ಕಿತ್ತು, ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಕೇಳಲು ಹೋದಾಗ ಅವನ ಹೆಂಡತಿಯೇ ಹಾಗೆಂದಳು. ಸಂಜೆ ಪಾಳಿಗೆ ಹೊರಡುವಾಗಲೇ ಅದನ್ನು ಮತ್ತೆ ಸಿಕ್ಕಿಸಿದ. ದೂರು ಕೊಡಬಹುದಿತ್ತು. ಆದರೆ ಅವನಿಗೆ ಆಡಿಕೊಳ್ಳಲು ಒಂದು ಮಾತೂ ಉಳಿಯದಂತೆ ಸದ್ದಿಲ್ಲದೆ ಕೆಲಸ ಮುಗಿಸಿ ತೋರಿಸಬೇಕೆಂದು ನನಗೆ ಅನ್ನಿಸಿತು.

ಮರುದಿನ ಒಂದು ಟೈಲನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಒಯ್ದೆ. ಬೇಕಿದ್ದದ್ದು ಕರೆಂಟ್ ಬೇಡದ, ಕೈಯಿಂದ ನಡೆಸುವ ಕಟರ್. ಅದರ ಕ್ರಮ ಸರಳ: ಕಂಬಿಯ ಮೇಲೆ ಜಾರುವ ಹಿಡಿಯನ್ನು ತಳ್ಳಿದರೆ ಅದರಡಿಯ ಸಣ್ಣ ಚಕ್ರವು ಟೈಲಿನ ಮೇಲೆ ಗೀರು ಹಾಕುತ್ತದೆ, ಬಳಿಕ ಹಿಡಿಯನ್ನು ಒತ್ತಿದರೆ ಟೈಲು ಗೀರಿನುದ್ದಕ್ಕೂ ಮುರಿಯುತ್ತದೆ.

“ಟೈಲ್ ಸಮೇತ ಬಂದಿದ್ದೀರಲ್ಲ ಸಾರ್, ಅದಕ್ಕೆ ಹೆಣ್ಣು ತೋರಿಸೋಕಾ?” ಎಂದ, ನಾನು ಮೇಷ್ಟ್ರಾಗಿದ್ದುದನ್ನು ಬಲ್ಲ ಅಂಗಡಿಯವನು.

“ಪರೀಕ್ಷಿಸಿ ಕೊಳ್ಳಲು.”

“ಪರೀಕ್ಷೆ ಎಲ್ಲಾ ಸ್ಕೂಲಲ್ಲಿ ಸಾರ್. ಇಲ್ಲಿ ಬಾಕ್ಸ್ ತಗೊಳ್ಳಿ, ಹೊರಡಿ.”

ನಾನು ಹೊರಡಲಿಲ್ಲ. ಗಲ್ಲಾದೆದುರು ಟೈಲನ್ನು ಬಿಚ್ಚಿಟ್ಟು ನಿಂತೆ. ಅವನು ಗೊಣಗುತ್ತಾ ಒಂಟಿ ಕಂಬಿಯದೊಂದನ್ನು ತಂದ. ತಳ್ಳುವಾಗ ಕಂಬಿಯು ನಡುವೆ ಬಾಗಿತು, ಗೀರು ಮಸುಕಾಯಿತು, ಟೈಲು ಕೊನೆಯಲ್ಲಿ ಸೊಟ್ಟಗೆ ಮುರಿಯಿತು.

“ಟೈಲೇ ಸರಿ ಇಲ್ಲ ಸಾರ್.”

“ಟೈಲಿನ ಮೇಲೆ ತಪ್ಪು ಹೊರಿಸಬೇಡಿ. ಕಂಬಿಯ ನಡುವೆ ಬೆರಳಿಟ್ಟು ಒತ್ತಿ ನೋಡಿ.”

ಅವನು ಒತ್ತಿ ನೋಡಲಿಲ್ಲ. ಎರಡನೆಯದಕ್ಕೆ ದಪ್ಪನೆಯ ಜೋಡಿ ಕಂಬಿಗಳಿದ್ದವು. ಉದ್ದವೂ ಟೈಲಿಗಿಂತ ಗೇಣು ಹೆಚ್ಚು. ಉಳಿದ ತುಂಡಿನ ಮೇಲೆ ಗೀರು ಈ ಅಂಚಿನಿಂದ ಆ ಅಂಚಿಗೆ ಎಲ್ಲಿಯೂ ತುಂಡಾಗದೆ ಸಾಗಿತು. ಒತ್ತಿದೆ, ಬಿಸ್ಕತ್ತು ಮುರಿದಷ್ಟೇ ಸದ್ದು. ಅದನ್ನೇ ಕೊಂಡೆ.

“ನಿಮ್ಮ ಹತ್ರ ಓದಿದ ಮಕ್ಕಳು ಪಾಪ ಸಾರ್” ಎಂದು ಅವನು ಬೆನ್ನ ಹಿಂದೆ ಹೇಳಿದ್ದು ನನಗೆ ಕೇಳಿಸಲೆಂದೇ.

ಹಜಾರದ ನೆಲ ಮುಗಿಯುವವರೆಗೆ ನೆರೆಯವನು ಹೊರಗೆ ತಲೆ ಹಾಕಲಿಲ್ಲ. ಗೆದ್ದೆನೆಂದೇ ಭಾವಿಸಿದ್ದೆ. ಆದರೆ ಬಚ್ಚಲಿನ ಗೋಡೆ ಎಂದರೆ ಅದೇ ನಡುಗೋಡೆ. ಅದರಾಚೆ ಅವನ ಮಂಚ. ಮೇಸ್ತ್ರಿ ಟೈಲು ಕೂರಿಸಿ ಕರಣೆಯ ಹಿಡಿಯಿಂದ ತಟ್ಟಿದ. ಆ ಕಡೆಯಿಂದ ಧಡ್ ಧಡ್ ಎಂದು ಬಡಿತ ಬಂತು. ಆಗಷ್ಟೇ ಅಂಟಿಸಿದ್ದ ಟೈಲುಗಳು ಜಾರಿ ಬಿದ್ದು ಚೂರಾದವು.

“ಆ ಕಡಿಂದ ಯಾರೋ ಬಡಿಯಾಕ ಹತ್ಯಾರ್ರೀ ಸರ. ತಟ್ಟಲಿಲ್ಲಂದ್ರ ಇವು ನಿಲ್ಲಂಗಿಲ್ರೀ” ಎಂದು ಮೇಸ್ತ್ರಿ ಕರಣೆ ಕೆಳಗಿಟ್ಟ.

ಸದ್ದಿಲ್ಲದೆ ಕೊಯ್ಯುವುದನ್ನು ತಂದಿದ್ದೆ. ಸದ್ದಿಲ್ಲದೆ ತಟ್ಟುವುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನೆರೆಯವನ ಬಾಗಿಲಿಗೇ ಹೋಗಬೇಕಾಯಿತು.

“ನಿಮ್ಮ ಮಂಚವನ್ನು ಎರಡು ದಿನ ಬೇರೆ ಕಡೆ ಹಾಕಿಕೊಳ್ಳಿ” ಎಂದೆ.

“ಎಲ್ಲಿ ಹಾಕ್ಕೊಳ್ಲಿ, ನಿಮ್ಮ ತಲೆ ಮೇಲಾ? ಆ ರೂಮ್ ಬಿಟ್ರೆ ಮಿಕ್ಕಿದ್ದೆಲ್ಲ ಮಕ್ಕಳು, ಟಿವಿ.” ನನ್ನ ಮನೆಯ ಕಡೆ ಗದ್ದ ತೋರಿಸಿದ. “ನಿಮ್ಮ ಹಾಲ್ ಮುಗೀತಲ್ಲ, ಅಲ್ಲಿ ಮಲಗ್ತೀನಿ. ಆಗಲ್ಲ ಅಂದ್ರೆ ಹೇಳ್ಬಿಡಿ. ನೀವೂ ಬಡೀರಿ, ನಾನೂ ಬಡೀತೀನಿ.”

ಹೆಂಡತಿಯ ನೆನಪಾಯಿತು. ಬೇರೆ ದಾರಿ ಕಾಣಲಿಲ್ಲ.

“ಕಾಲು ತೊಳೆದು ಬನ್ನಿ” ಎಂದೆ.

ಮರುದಿನ ಬೆಳಿಗ್ಗೆ ಪಾಳಿ ಮುಗಿಸಿ, ಚಾಪೆ, ದಿಂಬು ಹಿಡಿದು ಬಂದ. ನನ್ನ ಫ್ಯೂಸು ಬೋರ್ಡಿನಲ್ಲೇ ಇದೆಯೆಂದು ನೋಡಿಕೊಂಡು ಒಳಗೆ ಬಿಟ್ಟೆ. ಹೊಸ ನೆಲವನ್ನು ಅಂಗಾಲಿನಿಂದ ಒತ್ತಿ ನೋಡಿ, “ತಣ್ಣಗಿದೆ” ಎಂದ. ಹಜಾರದ ನಟ್ಟನಡುವೆ ಅಂಗಾತ ಮಲಗಿದ. ಎರಡು ಬಾಗಿಲುಗಳಾಚೆ ಮೇಸ್ತ್ರಿ ತಟ್ಟುವುದು ಅಲ್ಲಿಗೆ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಕಟರ್ ಇಡಲು ಮಟ್ಟವಾದ ಜಾಗ ಹಜಾರದಲ್ಲಷ್ಟೇ ಇದ್ದುದರಿಂದ, ಬಚ್ಚಲಿನ ಟೈಲುಗಳನ್ನು ಅವನ ತಲೆಯಿಂದ ಒಂದು ಮಾರು ದೂರದಲ್ಲಿ ನಾನೇ ಕೊಯ್ಯುತ್ತಿದ್ದೆ. ಗೀರಿದೆ, ಮುರಿದೆ, ಗೊರಕೆ ನಿಲ್ಲಲಿಲ್ಲ. ಬೇಕೆಂದೇ ಕಟರನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, ಬೇಡದ ತುಂಡೊಂದನ್ನು ಅವನ ಕಿವಿಯ ಪಕ್ಕದಲ್ಲೇ ಮುರಿದೆ. ಅವನು ಮಗ್ಗುಲು ಬದಲಿಸಿದ, ಅಷ್ಟೆ. ನನ್ನ ಆಯ್ಕೆ ಸರಿಯಾಗಿತ್ತು. ಅದನ್ನು ಒಪ್ಪಬೇಕಾದವನು ಮಾತ್ರ ನಿದ್ದೆಯಲ್ಲಿದ್ದ.

ಎರಡನೆಯ ಸಂಜೆ ಬಚ್ಚಲು ಮುಗಿಯಿತು. ಅವನು ಚಾಪೆ ಸುತ್ತಿದ.

“ನೆಲ ಪರವಾಗಿಲ್ಲ ಮೇಷ್ಟ್ರೇ. ಸಂಪಿನ ವಿಷಯ ಹಾಗೇ ಇದೆ, ಮರೀಬೇಡಿ.”

“ಮರೆತಿಲ್ಲ.”

ಅವನು ಮಲಗಿದ್ದ ಜಾಗವನ್ನು ಎರಡು ಸಲ ಒರೆಸಿ, ಹೆಂಡತಿಗೆ ಫೋನ್ ಮಾಡಿದೆ. ಅಂದು ೨೦೧೧ರ ನವೆಂಬರ್ ಎಂಟು, ಮಂಗಳವಾರ.