ಹೂ ಬಿಡದ ತೊಗರಿ

"ಇದೇನ್ ರೋಗನೋ ನೋಡೇ, ಇಷ್ಟೆತ್ತರ ಬೆಳದೈತೆ, ಒಂದ್ ಮೊಗ್ಗಿಲ್ಲ" ಎಂದಳು ಅಕ್ಕ. ಮೊಳಕಾಲ್ಮುರು ಕಡೆ, ಬ್ರಹ್ಮಗಿರಿ ಬೆಟ್ಟದ ಕೆಳಗಿನ ಅವಳ ಊರಿನಲ್ಲಿ, ರಸ್ತೆ ಪಕ್ಕದ ತೊಗರಿ ಹೊಲದಲ್ಲಿ ಸಂಜೆ ನಿಂತಿದ್ದೆವು. ಹೊಲದ ಆ ತುದಿಯೆಲ್ಲ ಹಳದಿ ಹೂವು. ರಸ್ತೆ ಕಡೆಯ ಗಿಡಗಳು ಮಾತ್ರ ನನ್ನ ತಲೆ ಮೀರಿ ಹಚ್ಚಗೆ ಬೆಳೆದು, ಬರಡಾಗಿ ನಿಂತಿದ್ದವು. ಭಾವ ಔಷಧಿ ಹೊಡೆದು ಸೋತಿದ್ದರು.

ಬೀಜದಂಗಡಿಯವನನ್ನು ಬೈಯುತ್ತಾ ಬದುವಿಗೆ ಬಂದೆವು. ಅಷ್ಟರಲ್ಲಿ ರಸ್ತೆಯ ಹೈಮಾಸ್ಟ್ ದೀಪ ಹೊತ್ತಿಕೊಂಡಿತು. ಕರಡಿ ಭಯಕ್ಕೆ ಊರವರೇ ಓಡಾಡಿ ಹಾಕಿಸಿಕೊಂಡ ದೀಪ ಅದು, ಬೆಳಗಿನವರೆಗೂ ಉರಿಯುತ್ತದೆ. ಕತ್ತಲು ಕವಿಯುತ್ತಿದ್ದಂತೆ ಅದರ ಬಿಳಿ ಬೆಳಕು ಹೊಲದ ಮೇಲೆ ಹರಡಿತು. ನಾನು ದಂಗಾಗಿ ನಿಂತೆ. ಬೆಳಕು ಎಲ್ಲಿಯವರೆಗೆ ಬಿದ್ದಿತ್ತೋ ಅಲ್ಲಿಯವರೆಗೆ ಒಂದೂ ಹೂವಿಲ್ಲ. ಬೆಳಕು ಮುಗಿದಲ್ಲಿಂದ ಹೂವು ಶುರು. ಯಾರೋ ಗೆರೆ ಎಳೆದಿಟ್ಟ ಹಾಗೆ!

ಅಕ್ಕನೂ ಅದನ್ನು ಕಂಡಳು. ಎದೆ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಈ ಗಿಡಕ್ಕೆ ರಾತ್ರಿನೇ ಆಗಿಲ್ವಲ್ಲೇ!" ಎಂದಳು.

ಈಗ ಆ ದೀಪಕ್ಕೆ ಹೊಲದ ಕಡೆ ತಗಡಿನ ಮರೆ ಕಟ್ಟಿಸಿದ್ದಾರಂತೆ. ಅವತ್ತು ರಾತ್ರಿ ನಾನು ಚಳ್ಳಕೆರೆಯ ನಮ್ಮ ಮನೆಗೆ ಬಂದವಳೇ ಮಾಳಿಗೆ ಹತ್ತಿದೆ. ನಮ್ಮ ಬೀದಿಯಲ್ಲೂ ಅಂಥದ್ದೇ ದೀಪ. ತಲೆಯೆತ್ತಿದರೆ ಬೂದಿ ಬಣ್ಣದ ಆಕಾಶ, ಹುಡುಕಿದರೆ ಒಂದೆರಡು ಚುಕ್ಕಿ. ನಮಗೂ ರಾತ್ರಿಯಾಗಿ ಎಷ್ಟು ವರ್ಷವಾಯಿತೋ!